ಶಿಕ್ಷೆಯ ಪಾಲು

ದಾಂಪತ್ಯದ್ರೋಹದ ಸಿನಿಮಾದಲ್ಲಿ ತಪ್ಪು ಯಾರದೆಂಬುದಕ್ಕಿಂತ ಶಿಕ್ಷೆ ಯಾರ ಪಾಲಿಗೆ ಬಂತೆಂದು ನೋಡಬೇಕು. ಪುಟ್ಟಣ್ಣ ಕಣಗಾಲರ ‘ಶರಪಂಜರ’ದಲ್ಲಿ (1971) ಪರಸಂಬಂಧ ಗಂಡನದು, ಅದು ತಿಳಿದು ಮತ್ತೆ ಮಾನಸಿಕ ಆಸ್ಪತ್ರೆ ಸೇರುವವಳು ಹೆಂಡತಿ ಕಾವೇರಿ. ಯು.ಆರ್. ಅನಂತಮೂರ್ತಿಯವರ ಕತೆಯನ್ನು ಗಿರೀಶ ಕಾಸರವಳ್ಳಿ ತೆರೆಗೆ ತಂದ ‘ಘಟಶ್ರಾದ್ಧ’ದಲ್ಲಿ (1977) ಬಸುರಾದ ವಿಧವೆ ಯಮುನಾಳಿಗೆ ಬದುಕಿರುವಾಗಲೇ ಶ್ರಾದ್ಧ, ಕಾರಣನಾದ ಮೇಷ್ಟ್ರು ಪರಾರಿ. ವಿಧವೆಯದು ದಾಂಪತ್ಯದ್ರೋಹ ಹೇಗಾದೀತು ಎನ್ನಬಹುದು. ಸತ್ತ ಗಂಡನಿಗೂ ಅವಳ ನಿಷ್ಠೆ ಸಲ್ಲಬೇಕೆಂದ ಅಗ್ರಹಾರದ ನ್ಯಾಯವೇ ಅದಕ್ಕೆ ಉತ್ತರ. ಕಾನೂನು ಗಂಡಸನ್ನೇ ಶಿಕ್ಷಿಸುತ್ತಿತ್ತಲ್ಲ ಎಂಬ ವಾದವೂ ಉಂಟು. ನಿಜ, 2018ರಲ್ಲಿ ಸುಪ್ರೀಂ ಕೋರ್ಟ್ ರದ್ದುಮಾಡಿದ, ಭಾರತೀಯ ದಂಡ ಸಂಹಿತೆಯ 497ನೇ ಕಲಮಿನಲ್ಲಿ ಹೆಂಡತಿಗೆ ಶಿಕ್ಷೆಯಿರಲಿಲ್ಲ. ಆದರೆ ಗಂಡ ತಪ್ಪಿದರೆ ದೂರು ಕೊಡುವ ಹಕ್ಕೂ ಅವಳಿಗಿರಲಿಲ್ಲ. ಅವಳನ್ನು ಗಂಡನ ಸೊತ್ತೆಂದು ಎಣಿಸಿದ್ದರಲ್ಲಿ ಕಾನೂನಿಗೂ ಅಗ್ರಹಾರಕ್ಕೂ ಭೇದವಿರಲಿಲ್ಲ.