ಮೇಲೂರಿನ ದಾರಿಯಲ್ಲಿ ಒಂದು ಹೆಸರಿನ ನೆನಪು

ವಿಜಯಪುರದಿಂದ ಶಿಡ್ಲಘಟ್ಟಕ್ಕೆ ಹೊರಟವರಿಗೆ ಮೇಲೂರು ದಾರಿಯಲ್ಲಿಯೇ ಸಿಗುತ್ತದೆ. ಸುತ್ತಲೂ ಹಿಪ್ಪುನೇರಳೆಯ ತೋಟಗಳು. ಜನರ ಮಾತಿನಲ್ಲಿ ಕನ್ನಡದೊಡನೆ ತೆಲುಗು. ಊರು ಇದ್ದಲ್ಲಿಯೇ ಇದೆ. ಅದರ ವಿಳಾಸ ಮಾತ್ರ ಎರಡು ಸಲ ಬದಲಾಯಿತು. 1973ರ ನವೆಂಬರ್ 1ರಂದು ಮೈಸೂರು ರಾಜ್ಯವು ಕರ್ನಾಟಕವಾಯಿತು. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು.

ಮೊದಲನೆಯ ಬದಲಾವಣೆ ಸುಲಭದ್ದಾಗಿರಲಿಲ್ಲ. 1956ರಲ್ಲಿ ಮುಂಬಯಿ, ಹೈದರಾಬಾದು, ಮದರಾಸುಗಳ ಕನ್ನಡ ಸೀಮೆಗಳೂ ಕೊಡಗೂ ಬಂದು ಕೂಡಿದರೂ, ರಾಜ್ಯಕ್ಕೆ ಹಳೆಯ ಸಂಸ್ಥಾನದ ಹೆಸರೇ ಉಳಿದಿತ್ತು. ಧಾರವಾಡ, ಕಲಬುರಗಿಗಳವರಿಗೆ ಅದು ನೆಂಟರ ಮನೆಯ ಹೆಸರು. ಈ ಸೀಮೆಯವರಿಗೋ ತವರಿನ ಹೆಸರು. ಹದಿನೇಳು ವರ್ಷಗಳ ತರುವಾಯ, ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ, ಎಲ್ಲರಿಗೂ ಸಲ್ಲುವ ಹೆಸರು ಬಂದಿತು.

ಹಳೆಯ ಹೆಸರು ಅಳಿಯಿತೆ? ಈ ಭಾಗದ ರೇಷ್ಮೆಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗಿ ನೂಲಾಗುತ್ತದೆ. 1912ರಲ್ಲಿ ಮೈಸೂರಿನಲ್ಲಿ ಆರಂಭವಾದ ನೇಯ್ಗೆ ಕಾರ್ಖಾನೆಯ ಸೀರೆಗಳು ಇಂದಿಗೂ ‘ಮೈಸೂರು ರೇಷ್ಮೆ’ಯೇ. ರಾಜ್ಯದ ಫಲಕದಿಂದ ಇಳಿದ ಹೆಸರು ಸೀರೆಯ ಸೆರಗಿನಲ್ಲಿ ನಿಂತಿತು. ಮದುವೆಗೆಂದು ಅದನ್ನು ಕೊಳ್ಳುವ ಬೀದರಿನ ಹೆಣ್ಣುಮಗಳಿಗೂ ಅದೀಗ ಪರರ ಹೆಸರಲ್ಲ, ತನ್ನ ನಾಡಿನದೇ. ಬಿಟ್ಟುಕೊಟ್ಟದ್ದೇ ಹೀಗೆ ಎಲ್ಲರದೂ ಆಯಿತು.