ಊಟದ ಮೇಜಿನ ಬರ್ಗಂಡಿ

ಫ್ರಾನ್ಸಿನ ಬರ್ಗಂಡಿ ಸೀಮೆಯ ಕೆಂಪು ವೈನನ್ನು ಅರಿಯಲು ತಕ್ಕ ಜಾಗ ಗೆಳೆಯರ ಊಟದ ಮೇಜೇ ಹೊರತು ಪರೀಕ್ಷಕರ ಕೊಠಡಿಯಲ್ಲ ಎಂಬುದು ನನ್ನ ದೃಢ ನಂಬಿಕೆ. ಪರೀಕ್ಷಕರು ಸಾಲಾಗಿಟ್ಟ ಲೋಟಗಳಿಂದ ಒಂದೊಂದು ಗುಟುಕು ಬಾಯಲ್ಲಾಡಿಸಿ, ಉಗಿದು, ಅಂಕ ಬರೆದು ಮುಂದೆ ಸಾಗುತ್ತಾರೆ. ಬಣ್ಣ ಗಾಢವಾಗಿದ್ದು ಒಗರು ಜೋರಾಗಿರುವ ವೈನು ಅಲ್ಲಿ ಬೇಗ ಗಮನ ಸೆಳೆಯುತ್ತದೆ. ಬರ್ಗಂಡಿಯ ಕೆಂಪು ವೈನು ಬಹುಮಟ್ಟಿಗೆ ಪಿನೋ ನ್ವಾರ್ ಎಂಬ ತಳಿಯ ದ್ರಾಕ್ಷಿಯದು. ಅದರ ಸಿಪ್ಪೆ ತೆಳು. ಹಾಗಾಗಿ ಬಣ್ಣ ತಿಳಿ, ಒಗರು ಮೃದು, ಹುಳಿ ಚುರುಕು. ಸೀಸೆ ತೆರೆದಾಗ ಮುದುಡಿದಂತಿರುವ ಪರಿಮಳ ಗಾಳಿ ತಾಗಿದಂತೆ ಬಿಚ್ಚಿಕೊಳ್ಳುತ್ತದೆ: ಎಳೆಯ ವೈನಿನಲ್ಲಿ ಚೆರ್ರಿ, ರಾಸ್ಪ್‌ಬೆರಿ; ಮಾಗಿದ ವೈನಿನಲ್ಲಿ ಅಣಬೆ, ಒದ್ದೆ ತರಗೆಲೆ. ಇದಕ್ಕೆ ಹೊತ್ತು ಬೇಕು. ಆ ಹೊತ್ತನ್ನು ಕೊಡುವುದು ನಿಧಾನದ ಊಟ.

ಹೊತ್ತಿನ ಜೊತೆಗೆ ಹೋಲಿಕೆಯೂ ಬೇಕು. ಬರ್ಗಂಡಿಯ ಸೀತೋ ಮಠದ ಸನ್ಯಾಸಿಗಳ ಕಾಲದಿಂದಲೂ ಇಲ್ಲಿನವರು ತೋಟಗಳನ್ನು ಸಣ್ಣ ಸಣ್ಣ ತಾಕುಗಳಾಗಿ ಗುರುತಿಸಿ, ಒಂದೊಂದರ ವೈನನ್ನೂ ಬೇರೆಯೆಂದೇ ಕಂಡಿದ್ದಾರೆ. ಆ ತಾಕುಗಳಿಗೆ 2015ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಮನ್ನಣೆ ದೊರಕಿತು. ಪೊಮಾರ್, ವೊಲ್ನೇ ನೆರೆಯೂರುಗಳು; ದ್ರಾಕ್ಷಿಯ ತಳಿಯೂ ಒಂದೇ. ಆದರೂ ಪೊಮಾರ್‌ನ ವೈನು ಸಾಮಾನ್ಯವಾಗಿ ಗಟ್ಟಿ, ಒಗರು; ವೊಲ್ನೇಯದು ನಯ, ಸುವಾಸನೆ ಹೆಚ್ಚು. ಒಬ್ಬರೇ ಕುಳಿತು ಎರಡು ಸೀಸೆ ತೆರೆಯುವುದು ಅವಿವೇಕ. ಆರು ಜನರಿದ್ದರೆ 750 ಮಿಲಿಲೀಟರಿನ ಸೀಸೆಯಿಂದ ತಲೆಗೆ 125 ಮಿಲಿಲೀಟರ್ ಬರುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಸವಿಯಬಹುದು, ದುಬಾರಿ ಬೆಲೆಯೂ ಹಂಚಿಹೋಗುತ್ತದೆ.

ಊಟದ ರುಚಿ ವೈನಿನ ಸೂಕ್ಷ್ಮವನ್ನು ಮುಚ್ಚುತ್ತದೆ ಎನ್ನುವವರಿದ್ದಾರೆ. ಖಾರದ ಊಟಕ್ಕೆ ಈ ಮಾತು ಒಪ್ಪುತ್ತದೆ. ಮೆಣಸಿನಕಾಯಿಯ ಉರಿಯ ಮುಂದೆ ಪಿನೋ ನ್ವಾರ್ ನಿಲ್ಲಲಾರದು. ಆದರೆ ಈ ವೈನು ತನ್ನ ನೆಲದ ಅಡುಗೆಯೊಂದಿಗೇ ಬೆಳೆದದ್ದು. ಕೆಂಪು ವೈನಿನಲ್ಲೇ ಸಣ್ಣ ಉರಿಯಲ್ಲಿ ಬೇಯಿಸಿದ ದನದ ಮಾಂಸ ಅಲ್ಲಿನ ಹೆಸರಾಂತ ಖಾದ್ಯ. ಮಾಂಸದ ಜಿಡ್ಡು ವೈನಿನ ಒಗರನ್ನು ತಗ್ಗಿಸುತ್ತದೆ. ವೈನಿನ ಹುಳಿ ಜಿಡ್ಡನ್ನು ಕಳೆದು ನಾಲಿಗೆಯನ್ನು ಮುಂದಿನ ತುತ್ತಿಗೆ ಅಣಿಗೊಳಿಸುತ್ತದೆ. ಬೆಳೆಗಾರರೂ ಇದನ್ನು ಬಲ್ಲರು. ಅಲ್ಲಿನ ಮರ್ಸೋ ಊರಿನಲ್ಲಿ ದ್ರಾಕ್ಷಿ ತೋಟದ ಒಡೆಯ ಜೂಲ್ ಲಾಫೋಂ 1923ರಲ್ಲಿ ಮತ್ತೆ ಆರಂಭಿಸಿದ ಸುಗ್ಗಿಯ ಔತಣಕ್ಕೆ ಬರುವವರು ಇಂದಿಗೂ ತಮ್ಮ ತಮ್ಮ ಸೀಸೆ ತಂದು ಪಕ್ಕದವರಿಗೆ ಹಂಚುತ್ತಾರೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಬಲವಾದದ್ದು: ಪರಿಮಳದ ಮಾತೆಲ್ಲ ಬರೀ ಭ್ರಮೆ ಎಂಬುದು. 2001ರಲ್ಲಿ ಪ್ರಕಟವಾದ ಬೋರ್ಡೋದ ಪ್ರಯೋಗವೊಂದರಲ್ಲಿ ಬಿಳಿ ವೈನಿಗೆ ಕೆಂಪು ಬಣ್ಣ ಬೆರೆಸಿ ಕೊಟ್ಟಾಗ, ವೈನಿನ ವಿದ್ಯಾರ್ಥಿಗಳೇ ಅದನ್ನು ಕೆಂಪು ವೈನಿನ ಮಾತುಗಳಲ್ಲಿ ಬಣ್ಣಿಸಿದರು. ಕಣ್ಣು ಮೂಗನ್ನು ದಾರಿ ತಪ್ಪಿಸುತ್ತದೆ ಎಂದು ಇದರಿಂದ ತಿಳಿಯುತ್ತದೆ. ಮೂಗಿಗೆ ಏನೂ ತಿಳಿಯದು ಎಂದಲ್ಲ. ಗೆಳೆಯರ ಮಾತೂ ಹೀಗೆಯೇ ದಾರಿ ತಪ್ಪಿಸೀತು. ಅದಕ್ಕೆ ಉಪಾಯ ಸರಳ: ಸೀಸೆಗೆ ಬಟ್ಟೆ ಸುತ್ತಿ, ಮೊದಲ ಗುಟುಕನ್ನು ಎಲ್ಲರೂ ಮಾತಿಲ್ಲದೆ ಸವಿದು, ಆಮೇಲೆ ಹೇಳಬೇಕು. ಒಬ್ಬರು ಅಣಬೆ ಎಂದದ್ದು ಉಳಿದವರಿಗೂ ಸಿಗುತ್ತದೆಯೇ ಎಂದು ಮತ್ತೆ ಲೋಟಕ್ಕೆ ಮರಳಿ ನೋಡಬಹುದು. ಸಿಗದಿದ್ದರೆ ಇಲ್ಲ ಎನ್ನುವ ಸಲಿಗೆ ಗೆಳೆಯರಿಗಿದೆ. ಒಬ್ಬಂಟಿ ನಾಲಿಗೆಯ ತಪ್ಪನ್ನು ತಿದ್ದಬಲ್ಲ ಆ ಸಲಿಗೆಗಾಗಿಯೇ ನಾನು ಅಂಕಪಟ್ಟಿಗಿಂತ ಊಟದ ಮೇಜನ್ನು ಹೆಚ್ಚು ನಂಬುತ್ತೇನೆ.