ತಾಯಿಯ ಓಟ

ಮಕ್ಕಳಿಗೆ ನಾವು ಹೇಳುವ ಬುದ್ಧಿಮಾತುಗಳಲ್ಲಿ ಹೆಚ್ಚಿನವು ಅವರ ಕಿವಿಯವರೆಗೆ ಮಾತ್ರ ತಲುಪುತ್ತವೆ. ಮನಸ್ಸಿಗಿಳಿಯುವುದು ಅವರು ಕಣ್ಣಾರೆ ಕಂಡದ್ದು. ನಮಾಝ್‌ನ ವಿಷಯದಲ್ಲಿ ಇದನ್ನು ಎಲ್ಲರೂ ಬಲ್ಲೆವು. ಮುಸಲ್ಲಾದ ಮೇಲಿರುವ ತಾಯಿಯನ್ನು ನೋಡಿ ಇನ್ನೂ ಮಾತು ಬಾರದ ಮಗುವೂ ಸುಜೂದ್‌ಗೆ ಬಾಗುತ್ತದೆ. ದೇಹದ ಆರೋಗ್ಯದ ವಿಷಯದಲ್ಲಿಯೂ ಇದು ಅಷ್ಟೇ ನಿಜ.

ನನ್ನ ಮಗಳು ಏಳನೆಯ ತರಗತಿಗೆ ಬಂದ ವರ್ಷ ಖೋಖೋ ಆಡುವುದನ್ನು ನಿಲ್ಲಿಸಿದಳು. ಕಾರಣ ಕೇಳಿದಾಗ, "ದೊಡ್ಡವರಾದ ಮೇಲೆ ಹೆಂಗಸರು ಓಡುವುದಿಲ್ಲವಲ್ಲ ಉಮ್ಮಾ" ಎಂದಳು. ಹಾಗೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ಮನೆಯಲ್ಲಾಗಲಿ, ನೆರೆಹೊರೆಯಲ್ಲಾಗಲಿ ಓಡುವ ಒಬ್ಬ ಹೆಂಗಸನ್ನೂ ಅವಳು ಕಂಡಿರಲಿಲ್ಲ, ಅಷ್ಟೇ. ಅದೇ ದಿನಗಳಲ್ಲಿ ವೈದ್ಯರು, ನನ್ನ ರಕ್ತದಲ್ಲಿನ ಸಕ್ಕರೆ ಕಾಯಿಲೆಯ ಗಡಿಗೆ ಬಂದಿದೆಯೆಂದು ಎಚ್ಚರಿಸಿದರು. ನನ್ನ ತಾಯಿ ಇದೇ ಕಾಯಿಲೆಯಿಂದ ಕಾಲಿನ ಬಲ ಕಳೆದುಕೊಂಡು, ಉಮ್ರಾದ ಸಈಯನ್ನು ಗಾಲಿಕುರ್ಚಿಯಲ್ಲಿ ಪೂರೈಸಿದವರು.

ಸಫಾ ಮತ್ತು ಮರ್ವಾಗಳ ನಡುವಿನ ಅಂತರ ಸುಮಾರು 450 ಮೀಟರ್. ಏಳು ಬಾರಿ ಕ್ರಮಿಸಿದರೆ 3 ಕಿಲೋಮೀಟರ್‌ಗೂ ಹೆಚ್ಚಾಗುತ್ತದೆ. ಬಾಯಾರಿದ ಕಂದ ಇಸ್ಮಾಈಲ್(ಅ)ರಿಗಾಗಿ ನೀರು ಅರಸುತ್ತಾ ಹಾಜರಾ(ಅ), ಕಣಿವೆಯ ತಗ್ಗಿನಲ್ಲಿ ಉಡುಪಿನ ಅಂಚನ್ನು ಎತ್ತಿ ಹಿಡಿದು ಓಡಿದರೆಂದು ಸಹೀಹ್ ಬುಖಾರಿಯಲ್ಲಿದೆ. ಇಂದು ಆ ಭಾಗವನ್ನು ಹಸಿರು ದೀಪಗಳಿಂದ ಗುರುತಿಸಲಾಗಿದ್ದು, ಅಲ್ಲಿ ಪುರುಷರು ಓಡುನಡಿಗೆಯಲ್ಲಿ ಸಾಗುತ್ತಾರೆ. ಒಬ್ಬ ತಾಯಿಯ ಓಟವನ್ನು ಅಲ್ಲಾಹನು ಲೋಕದ ಹಾಜಿಗಳಿಗೆಲ್ಲ ಆರಾಧನೆಯ ಭಾಗವನ್ನಾಗಿ ಮಾಡಿದನು!

ಪ್ರವಾದಿ(ಸ)ರವರೂ ಆಯಿಶಾ(ರ)ರವರೂ ಪ್ರಯಾಣವೊಂದರಲ್ಲಿ ಓಟದ ಪಂದ್ಯ ನಡೆಸಿದ್ದರು. ಮೊದಲು ಆಯಿಶಾ(ರ) ಗೆದ್ದರು. ಮುಂದೆ ಅವರ ಮೈ ತುಂಬಿಕೊಂಡಾಗ ಪ್ರವಾದಿ(ಸ) ಗೆದ್ದು, ಅಂದಿನದಕ್ಕೆ ಇಂದು ಸರಿಯಾಯಿತೆಂದು ವಿನೋದವಾಡಿದರು. ಅಬೂದಾವೂದ್‌ನಲ್ಲಿರುವ ಈ ಹದೀಸನ್ನು ಮಗಳಿಗೆ ಓದಿ ಹೇಳಬಹುದಿತ್ತು. ಆದರೆ ಅವಳಿಗೆ ಬೇಕಾಗಿದ್ದುದು ಕಣ್ಣೆದುರಿನ ಸಾಕ್ಷ್ಯ.

ಫಜ್ರ್ ನಮಾಝ್‌ನ ಬಳಿಕ, ಸಡಿಲವಾದ ನೀಳ ಉಡುಪು ಧರಿಸಿ, ಪತಿಯೊಂದಿಗೆ ಸಮೀಪದ ಮೈದಾನಕ್ಕೆ ಹೋಗತೊಡಗಿದೆನು. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಮೊದಲ ವಾರ ಒಂದು ಸುತ್ತು ಮುಗಿಯುವಷ್ಟರಲ್ಲಿ ಏದುಸಿರು ಬರುತ್ತಿತ್ತು. "ಈ ವಯಸ್ಸಿನಲ್ಲಿ ಇದೆಲ್ಲ ಏಕೆ?" ಎಂದವರೂ ಇದ್ದರು. ಮಗಳು ಕೆಲವು ದಿನ ಅಂಚಿನಲ್ಲಿ ಕುಳಿತು ನೋಡಿದಳು, ಬಳಿಕ ನಡೆದಳು, ಒಂದು ಮುಂಜಾನೆ ಕೇಳದೆಯೇ ನನ್ನನ್ನು ಹಿಂದಿಕ್ಕಿ ಓಡಿದಳು. ನನ್ನ ವೇಗ ಅವಳಿಗೆ ಮಾದರಿಯಾಗಲಿಲ್ಲ. ದಣಿದು ನಿಂತವಳು ಮರುದಿನವೂ ಬಂದೆನೆಂಬುದು ಮಾದರಿಯಾಯಿತು. ಈಗ ಅವಳು ಶಾಲೆಯಲ್ಲಿ ಮತ್ತೆ ಖೋಖೋ ಆಡುತ್ತಿದ್ದಾಳೆ.

ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ವ್ಯಾಯಾಮವನ್ನು, 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚಟುವಟಿಕೆಯನ್ನು ಸೂಚಿಸುತ್ತದೆ. ಎಲ್ಲರೂ ಓಡಲೇಬೇಕೆಂದಿಲ್ಲ, ಮಂಡಿನೋವು, ಹೃದ್ರೋಗ ಉಳ್ಳವರು ವೈದ್ಯರನ್ನು ಕೇಳಿ ನಡೆದರೂ ಸಾಕು.

ದೇಹಕ್ಕೂ ನಮ್ಮ ಮೇಲೆ ಹಕ್ಕಿದೆಯೆಂದು ಪ್ರವಾದಿ(ಸ) ಕಲಿಸಿದ್ದಾರೆ. ಆ ಹಕ್ಕನ್ನು ಸಲ್ಲಿಸುವುದನ್ನು ಮಕ್ಕಳು ನಮ್ಮಿಂದಲ್ಲದೆ ಇನ್ನಾರಿಂದ ಕಲಿಯಬೇಕು? ನಮ್ಮ ಹೆಣ್ಣುಮಕ್ಕಳು ಸಫಾ-ಮರ್ವಾಗಳ ನಡುವೆ ಸ್ವಂತ ಕಾಲುಗಳಲ್ಲಿ ಸಾಗುವಂತೆ ಅಲ್ಲಾಹನು ಅನುಗ್ರಹಿಸಲಿ. ಆಮೀನ್.